ಎಮ್ಮೆ ಕೊಟ್ಟು ಹಗ್ಗ ಇಟ್ಟುಕೊಂಡವರು

ನಾನು ನಿವೃತ್ತಳಾದ ದಿನ ಕಾಲೇಜಿನವರು ನನಗೆ ಶಾಲು ಹೊದಿಸಲಿಲ್ಲ, ಹಾರ ಹಾಕಲಿಲ್ಲ. ಒಂದು ಆಡು ಕೊಟ್ಟರು. ಆಡು ನನಗಲ್ಲ. ನಕಾಶೆಯಲ್ಲಿ ಹುಡುಕಿದರೆ ಮಾತ್ರ ಸಿಗುವ ಒಂದು ದೂರದ ದೇಶದಲ್ಲಿ, ಹಸಿದ ಒಂದು ಕುಟುಂಬಕ್ಕೆ, ನನ್ನ ಹೆಸರಿನಲ್ಲಿ ಕೊಡಿಸಿದ್ದರು. ಜಗತ್ತಿನ ಹಸಿವು ನೀಗಿಸಲು ಆಡು, ಕೋಳಿ, ಆಕಳು ಹಂಚುವ ಸಂಸ್ಥೆಯೊಂದಿದೆಯಂತೆ. ನಾವು ಇಲ್ಲಿ ಮೊಬೈಲಿನ ಮೇಲೆ ಬೆರಳು ಒತ್ತಿದರೆ ಅಲ್ಲಿ ಯಾರದೋ ಅಂಗಳದಲ್ಲಿ ಆಡು ಬಂದು ನಿಲ್ಲುತ್ತದೆಯಂತೆ. "ಮೂವತ್ತು ವರ್ಷ ಹುಡುಗಿಯರಿಗೆ ಆಹಾರ, ಪೋಷಣೆಯ ಪಾಠ ಹೇಳಿದ ಮೇಡಮ್ ಅವರಿಗೆ ಇದಕ್ಕಿಂತ ಯೋಗ್ಯ ಕಾಣಿಕೆ ಯಾವುದು?" ಎಂದು ನಮ್ಮ ವಿಭಾಗದ ಕಿರಿಯ ಉಪನ್ಯಾಸಕಿ ಭಾಷಣ ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಶಾಲಿನ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹುಡುಗಿಯ ಮುಖದ ಖುಷಿ ನಿಜವಾದದ್ದಾಗಿತ್ತು.

ಆಡಿನ ಬಣ್ಣದ ಚಿತ್ರವಿದ್ದ ಕಾರ್ಡನ್ನು ಹುಬ್ಬಳ್ಳಿ ನವನಗರದ ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಎಂಬತ್ತು ದಾಟಿದೆ. ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದಳು. ಕೈ ಸೆರಗಿಗೆ ಒರೆಸಿಕೊಂಡು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಆಡು ಎಲ್ಲೈತಿ?"

"ಆ ದೇಶದಾಗ ಐತಿ ಅವ್ವಾ. ಅಲ್ಲೇ ಕೊಟ್ಟಾರ."

"ನೀ ನೋಡೀಯೇನು ಅದನ್ನ?"

"ಇಲ್ಲ."

"ತಗೊಂಡಾಕಿನ್ನ?"

"ಆಕಿನ್ನೂ ಇಲ್ಲ."

ಅವ್ವ ಕಾರ್ಡನ್ನು ಸೊಪ್ಪಿನ ಪಕ್ಕದಲ್ಲಿಟ್ಟು ಕೇಳಿದಳು: "ಹಂಗಾರ ಹಗ್ಗ ಯಾರ ಕಡೆ ಉಳೀತು?"

ನಮ್ಮ ಕಡೆ ದನ ಮಾರಿದಾಗ ದನ ಹೋಗುತ್ತದೆ, ಹಗ್ಗ ಹೋಗುವುದಿಲ್ಲ. ಕೊಳ್ಳುವವನು ಹೊಸ ಹಗ್ಗ ತರಬೇಕು. ಮಾರುವವನು ತನ್ನ ಹಗ್ಗ ಬಿಚ್ಚಿಕೊಂಡು ಮನೆಯ ಗೂಟಕ್ಕೆ ತೂಗುಹಾಕುತ್ತಾನೆ. ಹಗ್ಗ ಕೊಟ್ಟರೆ ಅದರ ಹಿಂದೆಯೇ ಕೊಟ್ಟಿಗೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಹಗ್ಗ ಯಾರ ಮನೆಯಲ್ಲಿ ಉಳಿಯಿತೋ ಆ ದನ ಅವರದಾಗಿತ್ತು ಎಂದು ಲೆಕ್ಕ, ಅದಕ್ಕೆ ಬೇರೆ ಕಾಗದ ಬೇಕಿಲ್ಲ. ಅವ್ವನ ಪ್ರಶ್ನೆ ಕೇಳಿ ಮೊದಲು ನಕ್ಕೆ. ಆಮೇಲೆ ನಗು ಅಲ್ಲಿಗೇ ನಿಂತಿತು. ಅವ್ವ ಯಾವ ಹಗ್ಗದ ನೆನಪಿನಲ್ಲಿ ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಅವ್ವ ಆಗ ನಮ್ಮೂರು ಮುಗದದಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಳು. ತಮ್ಮನಿಗೆ ಟ್ರ್ಯಾಕ್ಟರ್ ಬಂದಿತ್ತು, ಅದನ್ನು ನಿಲ್ಲಿಸಲು ಕೊಟ್ಟಿಗೆ ಬೇಕಾಗಿತ್ತು. ಕೊಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಒಂದು ಎಮ್ಮೆ. ಅವ್ವನ ಮೊಣಕಾಲು ಮಡಚಲು ಬರದ ಹಾಗೆ ಆಗಿತ್ತು, ಹಿಂಡಲು ಕುಳಿತರೆ ಏಳಿಸಲು ಇಬ್ಬರು ಬೇಕು. ಚಿಕಿತ್ಸೆಗೆಂದು ಅವಳನ್ನು ನನ್ನ ಮನೆಗೆ ಕರೆತರುವುದೆಂದಾಯಿತು. ಎಮ್ಮೆಯನ್ನು ಏನು ಮಾಡುವುದು? ಮಾರೋಣ ಎಂದ ತಮ್ಮ. ದಾನ ಕೊಡೋಣ ಎಂದೆ ನಾನು.

ಯಾರಿಗೆ ಎಂಬುದನ್ನೂ ನಾನೇ ನಿಶ್ಚಯಿಸಿದ್ದೆ. ಊರಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಗಾದಿ ಮಾಡುವ ಒಂದು ಸಾಬರ ಮನೆಯಿದೆ. ಗಂಡ ಹತ್ತಿ ಪಿಂಜುವ ಕಮಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುವವನು. ಹಳೆಯ ಗಾದಿ ಬಿಚ್ಚಿ, ಹತ್ತಿ ಬಿಡಿಸಿ, ಹೊಸದಾಗಿ ಹೊಲಿದು ಕೊಡುವ ಕೆಲಸ. ಲಾಕ್‌ಡೌನಿನಲ್ಲಿ ಯಾರ ಓಣಿಗೆ ಹೋದರೂ ಒಳಗೆ ಬಿಡಲಿಲ್ಲ. ಬಿಟ್ಟ ಮೇಲೆ ನೋಡಿದರೆ ಅರ್ಧ ಮಂದಿ ಫೋಮಿನ ಗಾದಿ ತಂದುಕೊಂಡಿದ್ದರು. ಹೆಂಡತಿ ಅವರಿವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನಾಲ್ಕು ವರ್ಷದ ಒಬ್ಬಳೇ ಮಗಳು. ಒಮ್ಮೆ ಅವ್ವನನ್ನು ನೋಡಲು ಹೋದಾಗ ಆ ಕೂಸಿನ ತೋಳು ಹಿಡಿದೆ. ನನ್ನ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಮುಟ್ಟಿದವು. ತೋಳಿನ ಸುತ್ತಳತೆ ನೋಡುವ ಟೇಪು ಯಾವಾಗಲೂ ನನ್ನ ಪರ್ಸಿನಲ್ಲಿರುತ್ತದೆ. ಅಳೆದೆ. ತೀವ್ರ ಅಪೌಷ್ಟಿಕತೆ ತೋರಿಸುವ ಕೆಂಪು ಗೆರೆಯ ಹತ್ತಿರವೇ ಇತ್ತು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ, ಇದು ನಿಜ. ಉಳಿದದ್ದರಲ್ಲಿ ನಾನು ಎಷ್ಟೇ ತಪ್ಪು ಮಾಡಿರಲಿ, ಆ ಸಂಕಟ ನಾಟಕವಾಗಿರಲಿಲ್ಲ.

ಎಮ್ಮೆ ಕೊಡುವ ದಿನ ಅವ್ವ ಅದರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿದಳು. ಗಾದಿ ಮಾಡುವವನು ತಾನೇ ಹೊಸೆದ ಹೊಸ ಹಗ್ಗ ತಂದಿದ್ದ. ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಮಗಳ ಕೈ ಹಿಡಿದು ನಿಂತಿದ್ದಳು. ನಾನು ಮೂರು ಮಾತು ಹೇಳಿದೆ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿಯೇ. ದಿನಾ ಅರ್ಧ ಲೀಟರ್ ಹಾಲು ಮೊದಲು ಕೂಸಿಗೆ, ಉಳಿದರೆ ಮಾರಾಟಕ್ಕೆ. ಎಮ್ಮೆಯನ್ನು ಉಪವಾಸ ಕೆಡವಬಾರದು. ಏನೇ ಆಗಲಿ ಅದನ್ನು ಮಾರಬಾರದು.

ಮೂರನೆಯ ಮಾತು ಯಾಕೆ ಬಂತು ಎಂದು ಈಗ ಕೇಳಿಕೊಳ್ಳುತ್ತೇನೆ. ಎಮ್ಮೆ ಕಸಾಯಿಯ ಕೈಗೆ ಹೋದೀತೆಂಬ ಹೆದರಿಕೆ. ಅದೇ ಎಮ್ಮೆಯನ್ನು ನಮ್ಮವರಲ್ಲೇ ಯಾರಿಗಾದರೂ ಕೊಟ್ಟಿದ್ದರೆ ಆ ಮಾತು ನನ್ನ ಬಾಯಿಗೆ ಬರುತ್ತಿತ್ತೇ? ಬರುತ್ತಿರಲಿಲ್ಲ. ನಮ್ಮ ಅಪ್ಪ ಇದ್ದಾಗ ಬತ್ತಿದ ಎಮ್ಮೆಗಳನ್ನು ದಲಾಲಿ ಬಂದು ಹೊಡೆದುಕೊಂಡು ಹೋಗುತ್ತಿದ್ದ. ಅವು ಎಲ್ಲಿಗೆ ಹೋದವು ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿದ್ದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದ ನಾನೂ ಕೇಳಿದ್ದಿಲ್ಲ. ಅಂಥವಳು ನಮ್ಮ ಅಂಗಳದಲ್ಲಿ ನಿಂತು ಪರರಿಗೆ ನ್ಯಾಯ ಹೇಳಿದೆ. ಆ ಹೆಂಡತಿ ಮೂರಕ್ಕೂ "ಹೂಂರಿ ಅಕ್ಕಾರ" ಎಂದಳು. ನಾನು ಫೋಟೋ ತೆಗೆಸಿಕೊಂಡೆ. ಆ ಗದ್ದಲದಲ್ಲಿ ಅವ್ವ ಎಮ್ಮೆಯ ಕೊರಳಿನ ಹಳೆಯ ಹಗ್ಗ ಬಿಚ್ಚಿ ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಅವಳ ಜೊತೆ ಅದೂ ನವನಗರಕ್ಕೆ ಬಂತು.

ಮರುದಿನದಿಂದ ಪ್ರತಿ ಸಂಜೆ ಆರಕ್ಕೆ ನನ್ನ ಫೋನು.

"ಕೂಸು ಹಾಲು ಕುಡೀತೇನ?"

"ಕುಡೀತ್ರಿ ಅಕ್ಕಾರ."

"ಎಷ್ಟು?"

"ಅರ್ಧ ಲೀಟರ್ರಿ."

"ಎಮ್ಮಿ ಹೆಂಗೈತಿ?"

"ಆರಾಮ ಐತ್ರಿ."

ನನಗೆ ಪರಮ ಸಮಾಧಾನ. ಕ್ಲಾಸಿನಲ್ಲಿ ಇದನ್ನೇ ಉದಾಹರಣೆ ಕೊಟ್ಟೆ. ಒಂದು ಎಮ್ಮೆ ಒಂದು ಮನೆಯ ಊಟವನ್ನು ಹೇಗೆ ಬದಲಿಸುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದೆ. ಹುಡುಗಿಯರು ಬರೆದುಕೊಂಡರು.

ಹದಿನೈದು ದಿನ ಕಳೆದಿರಬೇಕು. ತಮ್ಮ ಫೋನಿನಲ್ಲಿ ಅದು ಇದು ಮಾತಾಡುತ್ತ, "ನಿನ್ನ ಎಮ್ಮಿ ತಗೊಂಡಾಕಿ ದಿನಾ ಮುಂಜಾನೆ ಅಂಗಡ್ಯಾಗ ಪಾಕೀಟ್ ಹಾಲು ಒಯ್ಯಾಕತ್ತಾಳ ನೋಡು," ಎಂದ. ನನ್ನ ನೆತ್ತಿಗೆ ಬೆಂಕಿ ಹತ್ತಿತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಗಟ್ಟಿ ಎಮ್ಮೆಯ ಹಾಲನ್ನು ಚಹಾದಂಗಡಿಗೆ ಹಾಕಿ ಕೂಸಿಗೆ ನೀರಿನಂಥ ಪಾಕೀಟಿನ ಹಾಲು ಕುಡಿಸುತ್ತಿದ್ದಾಳೆ! ಬೇರೆ ಕಾರಣ ಇರಬಹುದು ಎಂಬ ವಿಚಾರವೇ ತಲೆಗೆ ಬರಲಿಲ್ಲ. ಬಡವರು ಹಾಲು ಮಾರುತ್ತಾರೆ, ಮಕ್ಕಳಿಗೆ ಕೊಡುವುದಿಲ್ಲ ಎಂದು ನಾನೇ ಎಷ್ಟು ವರ್ಷ ಪಾಠ ಮಾಡಿದ್ದೆನಲ್ಲ. ಪಾಠ ನಿಜವಾಯಿತು ಎಂದು ಒಳಗೊಳಗೆ ಸ್ವಲ್ಪ ತೃಪ್ತಿಯೂ ಆಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟೆ, ಹಿಂಡುವ ಹೊತ್ತಿಗೆ ಹೋಗಿ ಕೈಯಾರೆ ಹಿಡಿಯಬೇಕೆಂದು. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಧಾರವಾಡದಲ್ಲಿ ಇಳಿದು ಆಟೋ ಮಾಡಿದೆವು. ದಾರಿಯುದ್ದಕ್ಕೂ ನಾನು ಆ ಹೆಣ್ಣುಮಗಳಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ, ಅವ್ವನ ಮುಂದೆ ಅಂದೂ ತೋರಿಸಿದೆ. ಅವ್ವ ಹೊರಗಡೆ ಮುಖ ಮಾಡಿಕೊಂಡೇ, "ಮೊದಲ ಎಮ್ಮಿ ನೋಡೂಣು, ಆಮ್ಯಾಲ ಮಂದೀನ ನೋಡೂಣು," ಎಂದಳು.

ಎಮ್ಮೆ ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ನಮ್ಮ ಮನೆಯಲ್ಲಿದ್ದಾಗಿನಕ್ಕಿಂತ ದುಂಡಗಾಗಿ, ಮೈ ಮಿಂಚುತ್ತಿತ್ತು. ಮುಂದಿನ ಬುಟ್ಟಿಯಲ್ಲಿ ನೆನೆಸಿದ ಹತ್ತಿಕಾಳು, ಹಿಂಡಿ. ಹಿಂದಿನ ಎರಡೂ ಕಾಲು ಕಟ್ಟಿದ್ದರು. ಪಕ್ಕದಲ್ಲಿ ಆಕೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಎಡಗೈ ಮಣಿಕಟ್ಟಿಗೆ ಅರಿವೆ ಸುತ್ತಿತ್ತು. ಮೊಣಕಾಲ ನಡುವೆ ಇದ್ದ ಚರಿಗೆಯ ತಳದಲ್ಲಿ ಒಂದು ಬೊಗಸೆಯಷ್ಟೂ ಹಾಲಿರಲಿಲ್ಲ. ಒಳಗೆ ಒಲೆಯ ಪಕ್ಕದಲ್ಲಿ ಕತ್ತರಿಸಿದ ಹಾಲಿನ ಪಾಕೀಟು ಬಿದ್ದಿತ್ತು. ಹೊಸ್ತಿಲ ಮೇಲೆ ಕೂಸು ಲೋಟ ಹಿಡಿದು ಕುಳಿತಿತ್ತು.

ನನ್ನನ್ನು ನೋಡಿ ಅವಳು ಎದ್ದು ನಿಂತಳು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಅವಳ ಮುಖ ಸಣ್ಣದಾಯಿತು.

"ಬಂದ ದಿನದಿಂದ ಬಿಗಿ ಹಿಡದೈತ್ರಿ ಅಕ್ಕಾರ. ಏನ ಮಾಡಿದ್ರೂ ಹಾಲು ಬಿಡವಲ್ದು. ಕೈ ಹಚ್ಚಿದ್ರ ಒದಿತೈತ್ರಿ."

"ಮತ್ತ ಫೋನಿನ್ಯಾಗ ದಿನಾ ಅರ್ಧ ಲೀಟರ್ ಅಂತಿದ್ದಿ?"

"ಕೂಸು ಕುಡೀತೇನ ಅಂತ ಕೇಳತಿದ್ರಿ. ಕುಡೀತಿತ್ತಲ್ರಿ. ಯಾವ ಹಾಲು ಅಂತ ನೀವು ಕೇಳಲಿಲ್ರಿ." ಅವಳು ಉಗುರಿನಿಂದ ಚರಿಗೆಯ ಅಂಚು ಕೆರೆಯುತ್ತ ಹೇಳಿದಳು: "ದಾನ ಕೊಟ್ಟವ್ರ ಮುಂದ ಸುಳ್ಳ ಆಡಬಾರದ್ರಿ. ಅದಕ್ಕ ಪಾಕೀಟ್ ತಂದು ಕುಡಸ್ತಿದ್ವಿ. ಕುಡಿಸಿ, ಆಮ್ಯಾಲ ನಿಮ್ಮ ಫೋನಿನ ಹಾದಿ ಕಾಯ್ತಿದ್ವಿ."

ಗಂಡ ಚಪ್ಪರದ ಕಂಬ ಹಿಡಿದು ನಿಂತಿದ್ದ. "ಎಮ್ಮಿ ಉಪವಾಸ ಕೆಡವಬ್ಯಾಡ್ರಿ ಅಂದಿದ್ರಿ ಅಕ್ಕಾರ," ಎಂದ. "ನೋಡ್ರಿ, ಒಂದ ದಿನಾನೂ ಕೆಡವಿಲ್ಲ. ಒಂದ ಹೊತ್ತು ನಾವು ಮೂರೂ ಮಂದಿ ರೊಟ್ಟಿ ಬಿಟ್ಟೇವಿ, ಅದರ ಹಿಂಡಿ ಬಿಟ್ಟಿಲ್ಲ."

ದಾರಿಯಲ್ಲಿ ಜೋಡಿಸಿಕೊಂಡಿದ್ದೆಲ್ಲ ಎಲ್ಲಿ ಹೋಯಿತೋ. ಏನು ಮಾಡಬೇಕೆಂದು ತಿಳಿಯದೆ ರೂಢಿಯಿಂದ ಪರ್ಸಿನ ಟೇಪು ತೆಗೆದು ಕೂಸಿನ ತೋಳಿಗೆ ಸುತ್ತಿದೆ. ಎಮ್ಮೆ ಕೊಡುವ ಮೊದಲು ಅಳೆದಾಗ ಇದ್ದದ್ದಕ್ಕಿಂತ ಒಂದು ಗೆರೆ ಕೆಳಗಿತ್ತು. ನಾನು ಕೊಟ್ಟ ದಾನ ಆ ಮನೆಯವರ ತಟ್ಟೆಗೆ ಕೈ ಹಾಕಿ ತಿಂದಿತ್ತು.

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಎಂದು ಗಾದೆ. ತೆಗೆದುಕೊಂಡವರು ಎಣಿಸಿರಲಿಲ್ಲ. ಹಲ್ಲು ಎಣಿಸಿದವಳು ಕೊಟ್ಟ ನಾನು, ಅದೂ ದಿನಾ ಸಂಜೆ ಆರಕ್ಕೆ.

ಅವ್ವ ಅಷ್ಟರಲ್ಲಿ ಎಮ್ಮೆಯ ಹತ್ತಿರ ಹೋಗಿ ಅದರ ಕೊರಳ ಕೆಳಗೆ ತಿಕ್ಕುತ್ತಿದ್ದಳು. ಅದು ಮೂಗು ಅವಳ ಸೆರಗಿಗೆ ಒತ್ತಿ ಬುಸ್ಸೆಂದು ಉಸಿರುಬಿಟ್ಟಿತು.

"ಮಳಿಗಾಲದಾಗ ಇದರ ಕರು ಸತ್ತೋತು," ಎಂದಳು. "ಅವತ್ತಿಂದ ನನ್ನ ಕೈ ಬಿಟ್ಟು ಬ್ಯಾರೆ ಕೈಗೆ ಹಾಲು ಬಿಟ್ಟಿಲ್ಲಿದು. ಇದಕ್ಕ ನನ್ನ ಸೀರಿ ವಾಸನಿ ಬೇಕು, ನನ್ನ ದನಿ ಬೇಕು."

"ಮತ್ತ ಕೊಡೂ ದಿನಾನ ಹೇಳಬೇಕಿಲ್ಲೇನು ಅವ್ವಾ?" ನನಗೆ ಅಳು, ಸಿಟ್ಟು ಎರಡೂ ಕೂಡಿಬಂದಿದ್ದವು.

"ನೀ ಕೇಳಿದೇನು? ಫೋಟೋ ತಗಸೂ ಗದ್ದಲದಾಗ ಇದ್ದಿ. ನಾನೂ ಹೇಳಲಿಲ್ಲ, ತಪ್ಪ ನಂದೂ ಐತಿ. ಹೋಗೂ ಎಮ್ಮಿ ಬಗ್ಗೆ ಕೊಂಕು ಆಡಬಾರದು ಅಂತ ಸುಮ್ಮನಾದೆ."

ಅವ್ವ ತಮ್ಮನ ಮನೆಯಿಂದ ತಾನು ಹಿಂಡುವಾಗ ಉಡುತ್ತಿದ್ದ ಹಳೆಯ ಇಳಕಲ್ ಸೀರೆ ತರಿಸಿದಳು. ಅದನ್ನು ಆಕೆ ತನ್ನ ಸೀರೆಯ ಮೇಲೆಯೇ ಸುತ್ತಿಕೊಂಡಳು. ಅವ್ವ ಬೆನ್ನ ಹಿಂದೆ ಒಂದು ಡಬ್ಬದ ಮೇಲೆ ಕುಳಿತಳು. ಅವ್ವ ಹಿಂಡುವಾಗ ಯಾವಾಗಲೂ "ಶಿವಾ ಶಿವಾ" ಎಂದು ಎಳೆದೆಳೆದು, ಅರ್ಧ ಹಾಡು ಅರ್ಧ ನಿಟ್ಟುಸಿರಿನಂತೆ ಅನ್ನುತ್ತಿದ್ದಳು. ಎಮ್ಮೆಗೆ ಬೇಕಾದದ್ದು ಆ ದನಿ. "ನೀನೂ ಹಂಗ ಅನ್ನು," ಎಂದೆ ನಾನು. ಆಕೆ ಎಮ್ಮೆಯ ಹೊಟ್ಟೆಗೆ ತಲೆ ಆನಿಸಿ ಸುಮ್ಮನೆ ಕುಳಿತಳು. ಗಂಡನ ಕಡೆ ನೋಡಿದಳು. ಅವನು ನೆಲ ನೋಡಿದ.

"ಬರೇ ದನಿ ಅಲ್ಲೇನು, ಎಮ್ಮಿಗೆ ಅನ್ನೂದು. ಅದಕ್ಕೇನು ಅಷ್ಟು ವಿಚಾರ?" ಎಂದೆ. ನನ್ನ ಬುದ್ಧಿ ಇನ್ನೂ ನೆಟ್ಟಗಾಗಿರಲಿಲ್ಲ.

ಅವ್ವ ನನ್ನನ್ನು ಗದರಿದಳು. "ನೀ ಬಾಯಿ ಮುಚ್ಚು. ದೇವರ ಹೆಸರು ನನಗಿರ್ಲಿ. ಯವ್ವಾ, ನೀ ಧಾಟಿ ಅಷ್ಟ ತಗೋ. ಅದರಾಗ ನಿನಗ ಬೇಕಾದ ಮಾತು ಹಾಕು."

ಆಕೆ ಮೊದಲು ಬಾಯಿ ಮುಚ್ಚಿಕೊಂಡೇ ಗುನುಗಿದಳು. ಸ್ವಲ್ಪ ಹೊತ್ತಿಗೆ ಅದರಲ್ಲಿ ಮಾತು ಬಂತು. ಅವ್ವನ ಅದೇ ಎಳೆತದಲ್ಲಿ, ಎಮ್ಮೆಯ ಹೊಟ್ಟೆಗೆ ಕೆನ್ನೆ ಇಟ್ಟುಕೊಂಡು:

"ಹತ್ತಿಕಾಳ ತಿಂದೀ... ಹಿಂಡಿ ತಿಂದೀ... ನಮ್ಮ ಜ್ವಾಳದ ನುಚ್ಚೂ ತಿಂದೀ... ಒದ್ದು ನನ್ನ ಕೈ ಉಳಕಿಸಿದೀ... ನನ್ನ ಗಂಡನ್ನ ನಿದ್ದಿಗೆಡಿಸಿದೀ... ಇನ್ನರ ಹಾಲ ಕೊಡ ನಮ್ಮವ್ವಾ..."

ಅವ್ವ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಗಂಡನೂ ನಕ್ಕ. ಚರಿಗೆಯಲ್ಲಿ ಚರ್ರೆಂದು ಹಾಲಿನ ಸಪ್ಪಳವಾಯಿತು. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲಲೇ ಇಲ್ಲ. ಹದಿನೈದು ದಿನದಿಂದ ನನಗೆ ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಆಕೆ ಎಮ್ಮೆಯ ಮುಂದೆ ರಾಗವಾಗಿ ಹೇಳಿ ಮುಗಿಸಿದಳು. ನಾನು ನಗಲಿಲ್ಲ. ಅದರಲ್ಲಿ ಅರ್ಧ ಬೈಗುಳ ನನಗೆ ಬರಬೇಕಾದದ್ದು ಎಂದು ತಿಳಿಯುತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸುಖವಾಗಿ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಎರಡು ತಿಂಗಳು ಎಲ್ಲವೂ ಸುಸೂತ್ರ. ಸಂಜೆಯ ಫೋನನ್ನು ವಾರಕ್ಕೊಮ್ಮೆ ಮಾಡಿದೆ, ಅಷ್ಟೇ ದೊಡ್ಡ ತ್ಯಾಗ ಎನಿಸಿತ್ತು. ಒಂದು ಮಧ್ಯಾಹ್ನ ಆಕೆಯೇ ಮಗಳನ್ನು ಕರೆದುಕೊಂಡು ನವನಗರಕ್ಕೆ ಬಂದಳು. ಡಬ್ಬಿಯಲ್ಲಿ ಗಟ್ಟಿ ಮೊಸರು ತಂದಿದ್ದಳು. ಚಹಾ ಕುಡಿದಳು. ಕುಡಿದು ಬಸಿ ಕೆಳಗಿಟ್ಟು ಕೇಳಿದಳು:

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಒಂದ ಮಾತು ಕೇಳಬೇಕು. ಆ ಎಮ್ಮಿ ನಿಮ್ಮದೋ ನಮ್ಮದೋ?"

"ಇದೇನು ಕೇಳ್ತಿ? ನಿಮ್ಮದ."

"ನಮ್ಮದಾದ್ರ ಮಾರಬೇಕಂತ ಮಾಡೇವ್ರಿ."

ನನ್ನ ಮುಖ ಬಿಗಿಯಾಯಿತು. "ಮಾರಬಾರದು ಅಂತ ಅವತ್ತ ಹೇಳಿದ್ದೆ."

"ಹೌದ್ರಿ. ಅದಕ್ಕ ಕೇಳಾಕ ಬಂದೇನಿ. ಇಲ್ಲಂದ್ರ ಯಾಕ ಬರತಿದ್ದೆ?"

ಆಕೆ ದನಿ ಏರಿಸದೆ ಒಂದೊಂದಾಗಿ ಹೇಳಿದಳು. ಅವರಿಗೆ ಹೊಲವಿಲ್ಲ, ಮೇವಿನ ಜೋಳದ ಕಣಿಕೆಯ ಒಂದೊಂದು ಕಟ್ಟನ್ನೂ ಹೊರಗಿನಿಂದ ತರಬೇಕು. ಎಮ್ಮೆ ಬಂದ ಮೇಲೆ ಅವಳ ಕೂಲಿ ತಪ್ಪಿತು, ಗಂಡ ದೂರದ ಊರಿಗೆ ಹೋಗುವುದು ತಪ್ಪಿತು. ಎರಡೂ ಹೊತ್ತು ಅವ್ವನ ಸೀರೆ ಸುತ್ತಿಕೊಂಡು ಅವಳೇ ಕೂರಬೇಕು. "ನನಗ ಜ್ವರ ಬಂದಾಗ ಇವ್ರು ಸೀರಿ ಹೊದ್ಕೊಂಡು ಕುಂತಿದ್ರಿ. ಓಣಿ ಮಂದೆಲ್ಲಾ ನೋಡಿ ನಕ್ರು." ಹೇಳಿ ತಾನೂ ನಕ್ಕಳು. ಆಮೇಲೆ ಮಗಳ ತಲೆ ಸವರುತ್ತ ಅಂದಳು: "ಹಾಲು ಸಿಕ್ತ್ರಿ, ಇಲ್ಲನ್ನಂಗಿಲ್ಲ. ಆದ್ರ ನಾ ದಿನಾ ಎಮ್ಮಿ ಹಿಂದ, ಈ ಕೂಸು ಮಂದಿ ಮನ್ಯಾಗ. ಗರಗದಾಗ ಒಬ್ರು ರೈತ್ರು ಕೇಳ್ಯಾರ. ಅವ್ರಿಗೆ ಹೊಲ ಐತಿ, ಇನ್ನ ಎರಡು ಎಮ್ಮಿ ಅದಾವು. ಅಲ್ಲಿ ಅದೂ ಸುಖದಾಗ ಇರತೈತ್ರಿ."

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಇಲ್ಲ ಎನ್ನಲು ನನ್ನಲ್ಲಿ ಕಾರಣ ಬೇಕಾದಷ್ಟಿದ್ದವು, ಎಲ್ಲವೂ ಪುಸ್ತಕದಲ್ಲಿ ಇರುವಂಥವು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ತನ್ನ ಟ್ರಂಕಿನಿಂದ ಆ ಹಳೆಯ ಹಗ್ಗ ತಂದಳು. ಎಮ್ಮೆಯ ಕೊರಳಿಗೆ ಉಜ್ಜಿ ಉಜ್ಜಿ ಅದು ಕರ್ರಗೆ, ನುಣುಪಾಗಿತ್ತು.

"ತಗೋ ಯವ್ವಾ. ಅವತ್ತ ಕೊಡಬೇಕಿತ್ತು. ರೂಢಿ ನೋಡು, ಮಾರಿದಾಗಿನಂಗ ಕೈ ತಾನ ಚೀಲದಾಗ ಹಾಕ್ಕೊಂತು. ಇದನ್ನ ಅದರ ಕೊರಳಿಗೆ ಕಟ್ಟು. ಮಾರೂ ದಿನ ನೀ ಬಿಚ್ಚಿ ನಿನ್ನ ಮನ್ಯಾಗ ಇಟ್ಕೋ."

ಆಕೆ ತಕ್ಷಣ ಕೈ ಚಾಚಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ. ಎರಡು ತಿಂಗಳು ಆ ಎಮ್ಮೆಯ ಸಗಣಿ ಬಳಿದು, ಒದೆ ತಿಂದು, ಅದಕ್ಕೆ ಹಾಡು ಕಟ್ಟಿ ಹಾಡಿದವಳು, ಅದರ ಹಗ್ಗ ಹಿಡಿಯಲು ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ನಾನು ಹೂಂ ಎಂದು ತಲೆಯಾಡಿಸಿದೆ. ಮನಃಪೂರ್ವಕವಾಗಿ ಆಡಿಸಲಿಲ್ಲ, ನಾಚಿಕೆಗೆ ಆಡಿಸಿದೆ. ಆಕೆ ಹಗ್ಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಆಕೆ ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. ನನ್ನನ್ನು ಒಂದು ಮಾತು ಕೇಳದೆ ಹೀಗೆ ಮಾಡಬಹುದೇ ಎಂದೆ.

"ಕೊಟ್ಟಿದ್ದಿ ಅಂದ್ರ ನಿನ್ನ ಕೇಳೂದೇನೈತಿ?" ಎಂದಳು ಅವ್ವ. "ಕೊಟ್ಟಿಲ್ಲ ಅಂದ್ರ ದಾನ ಅಂತ ಯಾಕ ಊರೆಲ್ಲಾ ಹೇಳಿದಿ?"

ಮೂರು ದಿನ ಅವ್ವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಉತ್ತರ ಸಿಗದಾಗ ನಾನು ಮಾತು ಬಿಡುವವಳು, ನನ್ನ ವಿದ್ಯಾರ್ಥಿನಿಯರಿಗೂ ಇದು ಗೊತ್ತು.

ದೀಪಾವಳಿಗೆ ತಮ್ಮನ ಮನೆಗೆ ಹೋದಾಗ ಹಿಂದಿನ ಓಣಿಗೆ ಹೋಗಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಹೋದೆ. ಚಪ್ಪರದ ಕೆಳಗೆ ಎಮ್ಮೆ ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಹತ್ತಿ ಪಿಂಜುವ ಒಂದು ಯಂತ್ರ ನಿಂತಿತ್ತು. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದು, ಎಮ್ಮೆ ಮಾರಿದ ದುಡ್ಡಿಗೆ ಸಿಕ್ಕಿತಂತೆ. ಗಂಡ ಹಳೆಯ ಗಾದಿಯ ಗಂಟುಗಂಟಾದ ಹತ್ತಿಯನ್ನು ಒಂದು ಕಡೆಯಿಂದ ತುರುಕುತ್ತಿದ್ದ, ಇನ್ನೊಂದು ಕಡೆಯಿಂದ ಅದು ಅರಳಿ ಬೀಳುತ್ತಿತ್ತು. ಆಕೆ ಪಕ್ಕದಲ್ಲಿ ಗಾದಿ ಹೊಲಿಯುತ್ತಿದ್ದಳು. ಕೂಸು ಹತ್ತಿಯ ರಾಶಿಯಲ್ಲಿ ಕುಳಿತು ಬೇಯಿಸಿದ ಮೊಟ್ಟೆ ತಿನ್ನುತ್ತಿತ್ತು. ಈಗ ಓಣಿ ಓಣಿ ತಿರುಗಬೇಕಿಲ್ಲ, ಮಂದಿಯೇ ಗಾದಿ ತಂದು ಹಾಕಿ ಹೋಗುತ್ತಾರೆ ಎಂದಳು ಆಕೆ. ಯಂತ್ರದ ಮೈ ತಟ್ಟುತ್ತ ನಗುತ್ತ ಹೇಳಿದಳು:

"ಇದು ಖಾಲಿ ಕುಂತಾಗ ಏನೂ ತಿನ್ನಂಗಿಲ್ರಿ ಅಕ್ಕಾರ."

ಮೂವತ್ತು ವರ್ಷ ನಾನು ಹೇಳಿದ ಪಾಠದಲ್ಲಿ ಈ ಒಂದು ವಾಕ್ಯ ಇರಲಿಲ್ಲ.

"ಎಮ್ಮಿ ಹೆಂಗೈತಿ?" ಎಂದು ಕೇಳಿದೆ. ಆರಾಮವಾಗಿದೆ, ಗರಗದ ಆ ರೈತರ ಹೆಂಡತಿಗೆ ತಾನೇ ಹೋಗಿ ಹಿಂಡಲು ಕಲಿಸಿ ಬಂದೆ ಎಂದಳು. "ಅವ್ವಾರ ಸೀರೀನೂ ಕೊಟ್ಟು ಬಂದೇನ್ರಿ. ಹಾಡೂ ಕಲಿಸೇನಿ. ಆಕಿ ನನಗಿಂತ ಛಲೋ ಬೈತಾಳ." ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿದಳು. "ಹಗ್ಗ ಕೊಟ್ಟಿಲ್ರಿ."

ಯಂತ್ರದ ಮೇಲಿನ ಗೋಡೆಯಲ್ಲಿ, ಮೊದಲು ಕಮಾನು ತೂಗುತ್ತಿದ್ದ ಮೊಳೆಗೆ, ಆ ಹಗ್ಗ ತೂಗುತ್ತಿತ್ತು. ನನ್ನ ಕಣ್ಣು ತುಂಬಿಬಂತು. ನಾನು ಎಮ್ಮೆ ಕೊಟ್ಟದ್ದು ಯಾವ ದಿನ ಎಂದು ಕೇಳಿದರೆ ಫೋಟೋ ತೆಗೆಸಿಕೊಂಡ ದಿನ ಎನ್ನಲಾರೆ. ಆ ಹಗ್ಗ ಆ ಮೊಳೆಗೆ ಏರಿದ ದಿನ ಎನ್ನುತ್ತೇನೆ. ಅಂದು ನಾನು ಅಲ್ಲಿ ಇರಲೂ ಇಲ್ಲ.

ಕೂಸಿನ ಹತ್ತಿರ ಕುಳಿತು, "ತೋಳು ಅಳೀಲೇನ?" ಎಂದು ಕೇಳಿದೆ. ಹಿಂದೆ ಎರಡು ಸಲ ಅಳೆದಿದ್ದೆ, ಕೇಳಿದ್ದು ಇದೇ ಮೊದಲು. ಅದು ಮೊಟ್ಟೆಯನ್ನು ಇನ್ನೊಂದು ಕೈಗೆ ದಾಟಿಸಿ ತೋಳು ಚಾಚಿತು. ಟೇಪು ಹಸಿರು ಗೆರೆಗೆ ಬಂದಿತ್ತು.

ದನ ದಾನ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೊಲ, ಮೇವು, ಕೈಬಿಡುವು ಇರುವ ಮನೆಗೆ ಎಮ್ಮೆ ಬಂದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ನಮ್ಮ ಅವ್ವ ಎಮ್ಮೆ ಹಿಂಡಿಯೇ ನನ್ನನ್ನು ಕಾಲೇಜು ಓದಿಸಿದವಳು. ಆದರೆ ಹಸಿದವರ ಮನೆಗೆ ನಾವು ಇನ್ನೊಂದು ಹೊಟ್ಟೆಯನ್ನು ಕಟ್ಟಿ ಬರುತ್ತೇವೆ, ಅದಕ್ಕೂ ಎರಡು ಹೊತ್ತು ಹಸಿವಾಗುತ್ತದೆ ಎಂಬುದನ್ನು ಕಾರ್ಡಿನ ಚಿತ್ರ ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿನಗೆ ಇದು ಬೇಕೇ ಎಂದು ಆಕೆಯನ್ನು ಯಾರಾದರೂ ಕೇಳಿದರೇ? ಬೇಡವಾದ ದಿನ ಮಾರಲು ಆಕೆ ಯಾರ ಮುಖ ನೋಡಬೇಕು? ನಾನು ಒಂದು ಓಣಿಯಾಚೆಗೆ ಕೊಟ್ಟೇ ಇಷ್ಟು ತಪ್ಪಿದ್ದೆ. ಸಮುದ್ರದಾಚೆ ಕೊಟ್ಟವರಿಗೆ ತಪ್ಪು ಗೊತ್ತಾಗುವುದೂ ಕಷ್ಟ. ಅಲ್ಲಿಂದ ಯಾರೂ ಮೊಸರಿನ ಡಬ್ಬಿ ಹಿಡಿದು ನಮ್ಮನ್ನು ಕೇಳಲು ಬರಲಾರರು.

ಆ ಆಡಿನ ಕಾರ್ಡಿನ ಕೆಳಗೆ ಒಂದು ಸೌಲಭ್ಯವಿತ್ತು. ಆಡು ಪಡೆದ ಕುಟುಂಬಕ್ಕೆ ನಾಲ್ಕು ಸಾಲು ಬರೆದು ಕಳಿಸಿದರೆ ಅವರ ಭಾಷೆಯಲ್ಲಿ ತಲುಪಿಸುತ್ತಾರಂತೆ. ನಿವೃತ್ತಿಯ ಮರುದಿನ ಬೆಳಗ್ಗೆ, ಮಾಡಲು ಬೇರೆ ಕೆಲಸವೂ ಇಲ್ಲದೆ, ಬರೆಯಲು ಕುಳಿತೆ. ಮೊದಲು ಬರೆದದ್ದು ಆಡಿನ ಹಾಲಿನಲ್ಲಿ ಏನೇನು ಸತ್ವವಿದೆ ಎಂದು. ಹುಟ್ಟುಗುಣ ಸುಟ್ಟರೂ ಹೋಗದು. ಅಳಿಸಿದೆ. ಎರಡನೆಯ ಸಲ ಮೊದಲ ಮರಿಯನ್ನು ಏನು ಮಾಡಬೇಕೆಂದು ಬರೆಯಹೊರಟು ಅದನ್ನೂ ಅಳಿಸಿದೆ. ಕೊನೆಗೆ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ: ಆಡು ನಿಮ್ಮದು. ಹಾಲು ಕುಡಿಯಿರಿ. ಬೇಡವಾದರೆ ಮಾರಿರಿ. ನನಗೆ ತಿಳಿಸಬೇಕಿಲ್ಲ.

"ಹಗ್ಗದ್ದು ಬರದೀಯೇನು?" ಎಂದಳು ಅವ್ವ.

ಮಾರಿದರೆ ಹಗ್ಗ ನೀವೇ ಇಟ್ಟುಕೊಳ್ಳಿ ಎಂದು ಸೇರಿಸಿದೆ. "ಅಷ್ಟು ದೂರದಾಕಿಗೆ ಇದರ ಅರ್ಥ ಆಕೈತೇನು ಅವ್ವಾ?" ಎಂದು ಕೇಳಿದೆ.

ಅವ್ವ ಕಾರ್ಡಿನ ಮೇಲಿನ ಆಡಿನ ಕೊರಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಆಡು ಕಟ್ಟಿದಾಕಿಗೆ ಆಕೈತಿ," ಎಂದಳು. "ನಿನಗ ತಡಾ ಆತು ಅಷ್ಟ."